ಗ್ರಾಂ ಲೆಕ್ಕದ ಮೊಮ್ಮಗಳು

ಭಾವಿಕೇರಿಯ ಗಂಗೆ ಅಂಕೋಲೆ ಪೇಟೆಯಲ್ಲಿ ತರಕಾರಿ ಮಾರಲು ಕೂತು ಇಪ್ಪತ್ತು ವರ್ಷದ ಮೇಲಾಯಿತು. ಹರಿವೆ, ಬಸಳೆಯನ್ನು ಕಟ್ಟು ಕಟ್ಟಿ ಇಡುತ್ತಾಳೆ. ಬದನೆ, ಬೆಂಡೆಯನ್ನು ಗೋಣಿಯ ಮೇಲೆ ಸಣ್ಣ ಗುಡ್ಡೆಗಳಾಗಿ ಪಾಲು ಹಾಕುತ್ತಾಳೆ. ತಕ್ಕಡಿ ಹೊರಗೆ ಬರುವುದು ಗಿರಾಕಿ ಹಟ ಹಿಡಿದಾಗ ಮಾತ್ರ. ಆಗಲೂ ಅವಳ ಬಾಯಲ್ಲಿ ಕಿಲೋ, ಅರ್ಧ ಕಿಲೋ, ಪಾವು ಕಿಲೋ, ಅಷ್ಟೇ. ಅದಕ್ಕಿಂತ ಕೆಳಗಿನದನ್ನು ಅವಳು ತೂಗಿದವಳೇ ಅಲ್ಲ, ಮುಷ್ಟಿಯಲ್ಲಿ ತೆಗೆದು ಸುಮ್ಮನೆ ಚೀಲಕ್ಕೆ ಹಾಕುತ್ತಿದ್ದಳು. ಗ್ರಾಂ ಎನ್ನುವ ಮಾತು ಅವಳಿಗೆ ಚಿನ್ನದ ಅಂಗಡಿಯದು. ಅವಳ ಕೊರಳಲ್ಲಿದ್ದದ್ದೂ ಪೇಟೆಯವರೆಲ್ಲ 'ಒಂದು ಗ್ರಾಂ ಚಿನ್ನ' ಅನ್ನುವ ಸರ, ಮೇಲೆ ಮಾತ್ರ ಬಂಗಾರದ ಬಣ್ಣ.

ಮಗಳು ದೀಪಾಳನ್ನು ಕಾರವಾರದ ಹತ್ತಿರದ ಚೆಂಡಿಯಾಕ್ಕೆ ಕೊಟ್ಟಿದ್ದಳು. ಅಳಿಯ ಸತೀಶನ ಮನೆಯವರು ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು, ಪುನರ್ವಸತಿ ಕಾಲೊನಿಯಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡವರು. ಕಳೆದ ಮಳೆಗಾಲ ಹಿಂದೆ ಸರಿಯುವಾಗ ದೀಪಾಗೆ ಏಳು ತಿಂಗಳು ತುಂಬಿತ್ತು. ಒಂದು ಬೆಳಿಗ್ಗೆ ಗಂಗೆ ಇನ್ನೂ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಾಗಲೇ ಸತೀಶನ ಫೋನು ಬಂತು.

"ಅತ್ತೆ, ದೀಪಾಗೆ ಬಿಪಿ ಏರಿ ಹೋಗ್ಯದೆ. ಕಾರವಾರದ ಆಸ್ಪತ್ರೆಗೆ ಕರ್ಕಂಡು ಬಂದೆ. ಇವತ್ತೇ ಮಗು ತೆಗೀಬೇಕಂತೆ."

ತರಕಾರಿಯನ್ನು ಪಕ್ಕದಲ್ಲಿ ಕೂರುವ ರುಕ್ಮಿಣಿಗೆ ಒಪ್ಪಿಸಿ ಗಂಗೆ ಎದ್ದಳು. ರಿಕ್ಷಾದಲ್ಲಿ ಬಾಳೆಗುಳಿಗೆ ಹೋಗಿ, ಹೈವೇಯಲ್ಲಿ ಬಂದ ಬಸ್ಸಿಗೆ ಕೈ ಮಾಡಿ ಹತ್ತಿದಳು. ಅವಳು ಮುಟ್ಟುವಷ್ಟರಲ್ಲಿ ಆಪರೇಷನ್ ಮುಗಿದಿತ್ತು.

"ಹೆಣ್ಣು ಮಗು," ಎಂದ ಸತೀಶ. "ಸಾವಿರದ ಮುನ್ನೂರ ಐವತ್ತು ಗ್ರಾಂ."

"ಕಿಲೋದಲ್ಲಿ ಹೇಳು ಮಾರಾಯ."

"ಒಂದೂಕಾಲು ಕಿಲೋಕ್ಕಿಂತ ಚೂರು ಹೆಚ್ಚು."

ಗಂಗೆ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು. ಅದಕ್ಕಿಂತ ದೊಡ್ಡ ಮೊಗೆಕಾಯಿಗಳನ್ನು ಅವಳು ದಿನವೂ ಎತ್ತಿ ಕೊಡುತ್ತಿದ್ದಳು. ಗಾಜಿನಾಚೆ, ಗಾಜಿನ ಪೆಟ್ಟಿಗೆಯೊಳಗೆ ಮಗು ಮಲಗಿತ್ತು. ಮೂಗಿನಲ್ಲಿ ನಳಿಗೆ. ಉಸಿರಾಡಿದಾಗಲೆಲ್ಲ ಪಕ್ಕೆಲುಬು ಎಣಿಸುವ ಹಾಗೆ ಕಾಣುತ್ತಿತ್ತು.

ಮೊದಲ ದಿನಗಳಲ್ಲಿ ತೂಕ ಇನ್ನೂ ಇಳಿಯಿತು. ಮಕ್ಕಳ ವಾರ್ಡಿನ ನರ್ಸ್ ನಿಶಾ, "ಹುಟ್ಟಿದ ಮೊದಲ ವಾರ ಎಲ್ಲ ಮಕ್ಕಳದೂ ಇಳೀತದೆ, ಹೆದರಬೇಡಿ" ಎಂದು ಸಮಾಧಾನ ಹೇಳಿದಳು. ಆದರೆ ಇದ್ದದ್ದೇ ಅಷ್ಟು. ಅದರಲ್ಲೂ ಇಳಿದರೆ ಉಳಿಯುವುದೇನು ಎಂದು ಗಂಗೆ ಮತ್ತೆ ಮತ್ತೆ ಗಾಜಿನ ಬಳಿ ಹೋಗಿ ನೋಡುತ್ತಿದ್ದಳು. ಇತ್ತ ದೀಪಾಳ ಬಿಪಿ ಹತೋಟಿಗೆ ಬಂದಿರಲಿಲ್ಲ. ಅವಳು ಬೇರೆ ವಾರ್ಡಿನಲ್ಲಿ ಮಲಗಿ, ಹಿಂಡಿದ ಹಾಲನ್ನು ಬಟ್ಟಲಲ್ಲಿ ಕಳಿಸುತ್ತಿದ್ದಳು. ಮಗಳ ಮುಖವನ್ನು ಸತೀಶನ ಮೊಬೈಲಿನಲ್ಲಿ ಮಾತ್ರ ನೋಡಿದ್ದಳು.

ಮಗುವಿನ ಉಸಿರಾಟ ಸರಿಯಾಗಿ, ಮೂಗಿನ ನಳಿಗೆ ತೆಗೆದ ದಿನ ನಿಶಾ ಹೊರಗೆ ಬಂದಳು.

"ಗಂಗಕ್ಕ, ಇನ್ನು ಮಗುಗೆ ಮನುಷ್ಯರ ಮೈಬಿಸಿ ಬೇಕು. ತಾಯಿ ಏಳುವ ಹಾಗಿಲ್ಲ. ನೀವು ಎದೆಗೆ ಕಟ್ಟಿಕೊಳ್ತೀರಾ?"

"ನಾನಾ? ಗದ್ದೆಯಲ್ಲಿ ಮಣ್ಣು ಅಗೆಯೋ ಕೈ ಇದು ತಂಗಿ. ಎಂತಾದರೂ ಆದರೆ?"

"ಕೈ ಹೇಗೆ ತೊಳೆಯೋದು ಅಂತ ನಾನು ತೋರಿಸ್ತೇನೆ. ಆ ಸರ ಮಾತ್ರ ತೆಗೆದಿಡಿ, ಮಗುಗೆ ಚುಚ್ಚಬಾರದು."

ಗಂಗೆ ಮಿಂದು, ಆಸ್ಪತ್ರೆಯ ಅಂಗಿ ತೊಟ್ಟು ಒರಗು ಕುರ್ಚಿಯಲ್ಲಿ ಕೂತಳು. ನಿಶಾ ಟೊಪ್ಪಿ ಹಾಕಿದ ಮಗುವನ್ನು ತಂದು ಬರಿಯೆದೆಯ ಮೇಲೆ ಮಲಗಿಸಿ ಬಟ್ಟೆಯಿಂದ ಕಟ್ಟಿದಳು. ಭಾರವೆಂದು ಏನೂ ಗೊತ್ತಾಗಲಿಲ್ಲ. ಬೆಚ್ಚಗಿನದೊಂದು ಚೂರು ಅಲುಗಾಡಿತು, ಅಷ್ಟೇ. ಗಂಗೆ ಸೀನು ಬಂದರೂ ತಡೆದುಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಮಗು ನಿದ್ದೆ ಹೋಯಿತು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ತೆಗೆಯುವ ಧೈರ್ಯ ಇರಲಿಲ್ಲ.

ದಿನವೂ ಹಾಗೆ ಕೂತಳು. ಇಳಿಯುವುದು ನಿಂತಿತು. ಒಂದು ಬೆಳಿಗ್ಗೆ ನಿಶಾ ತೂಕ ನೋಡಿ ನಕ್ಕಳು. "ಹತ್ತು ಗ್ರಾಂ ಏರಿದೆ!"

"ಹತ್ತು ಗ್ರಾಂ ಅಂದರೆ ಎಷ್ಟಾತು?"

"ನಿಮ್ಮ ಹಸಿಮೆಣಸು ಎರಡೋ ಮೂರೋ."

"ಅಷ್ಟೇಯಾ?"

"ಅಷ್ಟೇ. ಸಾವಿರ ಗ್ರಾಂ ಕೂಡಿದರೆ ಕಿಲೋ. ಒಂದೊಂದಾಗೇ ಬರಬೇಕು, ಗಂಗಕ್ಕ."

ಗಂಗೆ ನೇರ ದೀಪಾಳ ಹಾಸಿಗೆಗೆ ಹೋದಳು. "ಮಗಾ, ನಿನ್ನ ಕೂಸು ಎರಡು ಮೆಣಸಿನಕಾಯಿಯಷ್ಟು ಬೆಳೆದದೆ!" ದೀಪಾ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಆಪರೇಷನ್ ಆದಮೇಲೆ ಅದೇ ಅವಳ ಮೊದಲ ನಗು. ಅಂದಿನಿಂದ ಸತೀಶನೂ ಕೆಲಸದ ನಡುವೆ ಫೋನು ಮಾಡಿದರೆ, ಊಟ ಆಯಿತಾ ಎಂದು ಕೇಳುವ ಮೊದಲು "ಅತ್ತೆ, ಎಷ್ಟು ಗ್ರಾಂ?" ಅನ್ನುತ್ತಿದ್ದ.

ಆದರೆ ಒಮ್ಮೆ ಮಗುವಿಗೆ ಜ್ವರ ಬಂತು. ತೂಕ ಮತ್ತೆ ಇಳಿಯಿತು, ಮತ್ತೆ ಪೆಟ್ಟಿಗೆಯೊಳಗೆ ಇಟ್ಟರು. ಗಂಗೆ ಅನ್ನ ಮುಟ್ಟದೆ ಬಾಗಿಲ ಹೊರಗೆ ಕೂತಳು. ತನ್ನ ಮೈಯಿಂದಲೇ ಏನೋ ತಗುಲಿತು ಎಂಬ ಅಂಜಿಕೆ. ನಿಶಾ, ಹಾಗಲ್ಲ ಎಂದು ಎಷ್ಟು ಹೇಳಿದರೂ ಮನಸ್ಸು ಕೇಳಲಿಲ್ಲ. ಆಗ ದೀಪಾ ಗೋಡೆ ಹಿಡಿದುಕೊಂಡು ನಡೆದು ಬಂದಳು. ಆಪರೇಷನ್ ಆದಮೇಲೆ ವಾರ್ಡು ದಾಟಿದ್ದು ಅದೇ ಮೊದಲು. ತಾಯಿಯ ಪಕ್ಕ ಕೂತು ಬುತ್ತಿ ಬಿಚ್ಚಿದಳು.

"ಅವ್ವಾ, ಉಣ್ಣು. ಅವಳು ಹೊರಗೆ ಬಂದ ಮೇಲೆ ನಿನ್ನ ಮೈಬಿಸಿ ಬೇಡವಾ?"

ಔಷಧ ಹಿಡಿಯಿತು. ಜ್ವರ ಇಳಿದ ಮೇಲೆ ಮಗುವನ್ನು ತಾಯಿಯ ಎದೆಗೇ ಕೊಟ್ಟರು. ಬಟ್ಟೆ ಕಟ್ಟಿದವಳು ಗಂಗೆ. ತೂಕ ಸಾವಿರದ ಎಂಟುನೂರು ದಾಟಿದಾಗ ಮನೆಗೆ ಕಳಿಸಿದರು. ನಂದಿನಿ ಎಂದು ಹೆಸರಿಟ್ಟರು. ಈಗ ಅಂಬೆಗಾಲಿಡುತ್ತಾಳೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ.

ಈಗ ಗಂಗೆ ಭಾನುವಾರದ ಸಂತೆಗೆ ಕಾರವಾರಕ್ಕೂ ಬರುತ್ತಾಳೆ. ನಿಶಾ ಕರೆದರೆ ವ್ಯಾಪಾರ ಮುಗಿಸಿ ಆಸ್ಪತ್ರೆಗೆ ಹೋಗಿ, ಮಗುವನ್ನು ಎದೆಗೆ ಕಟ್ಟಿಕೊಳ್ಳಲು ಹೆದರುವವರಿಗೆ ಹೇಳಿಕೊಡುತ್ತಾಳೆ. ಹೋದ ವಾರ ಅಲ್ಲಿ ತಿಮ್ಮು ಎಂಬ ಅಜ್ಜ ಕೂತಿದ್ದ, ಅವನ ಮೊಮ್ಮಗುವೂ ತೂಕವಿಲ್ಲದೆ ಹುಟ್ಟಿತ್ತು. ಸೊಸೆಗೆ ಹುಷಾರಿಲ್ಲ, ಮಗ ದೋಣಿಯಲ್ಲಿ ದೂರದ ಸಮುದ್ರಕ್ಕೆ ಹೋಗಿದ್ದಾನೆ, ಮನೆಯಲ್ಲಿ ಬೇರೆ ಹೆಂಗಸರಿಲ್ಲ.

"ಗಂಡಸು ನಾನು. ನನ್ನಿಂದ ಆಗ್ತದಾ ಇದು?" ಎಂದ.

"ಯಾಕೆ ಆಗೂದಿಲ್ಲ? ಮೊದಲ ದಿನ ನಾನೂ ಹೆದರಿದ್ದೆ," ಎಂದಳು ಗಂಗೆ. "ಸೋಪು ಅಲ್ಲಿ ಅದೆ. ಬನ್ನಿ, ಕೈ ತೊಳೆಯೋದು ತೋರಿಸ್ತೆ."

ಅಜ್ಜ ಎದ್ದು, ತಲೆ ತಗ್ಗಿಸಿಕೊಂಡೇ ಅಂಗಿಯ ಗುಂಡಿ ಬಿಚ್ಚತೊಡಗಿದ.