ಸೌರಮ್ಮ ಹೇಳದ ಜಪ

ಸೌರಮ್ಮ ಬಿಳಿ ಸೀರೆ ಉಟ್ಟು, ಕೈಯಲ್ಲಿ ಜಪಸರ ಹಿಡಿದು ಬೀದಿಗಿಳಿದಳೆಂದರೆ ಅರಳಿಕಟ್ಟೆಯ ಹರಟೆಮಲ್ಲರೂ ಬಾಯಿ ಮುಚ್ಚುತ್ತಿದ್ದರು. ಯಾರದೋ ಮನೆಯಲ್ಲಿ ಯಾರದೋ ಜೀವ ಹೊರಡುವ ಹೊತ್ತಾಗಿದೆ ಎಂದೇ ಅದರ ಅರ್ಥ. ಅವಳ ಅಪ್ಪ ಚೌರಪ್ಪ ಊರಿನ ಉಪದೇಶಿ. ಪಾದ್ರಿಗಳು ಬಾರದ ದಿನ ಚರ್ಚಿನಲ್ಲಿ ಪ್ರಾರ್ಥನೆ ನಡೆಸುತ್ತಿದ್ದವನು. ಸಾಯುವವರ ತಲೆದೆಸೆಯಲ್ಲಿ ಕೂತು ಹೇಳುವ ಜಪವನ್ನು ಗಂಡುಮಕ್ಕಳಿಗೆ ಕಲಿಸಲು ಹೋಗಿ ಸೋತು, ಕೊನೆಗೆ ಮಗಳಿಗೆ ಬಾಯಿಪಾಠ ಮಾಡಿಸಿದ್ದ. ಹೇಳುವವರು ಒಬ್ಬೊಬ್ಬ ಸಂತರನ್ನೇ ಹೆಸರು ಹಿಡಿದು ಕರೆಯಬೇಕು, ಸುತ್ತ ಕೂತವರು ‘ಇವರಿಗಾಗಿ ಪ್ರಾರ್ಥಿಸಿರಿ’ ಎನ್ನಬೇಕು. ಉತ್ತರ ಬಾರದೆ ಮುಂದಿನ ಹೆಸರು ಎತ್ತುವಂತಿಲ್ಲ, ಅದು ಚೌರಪ್ಪನ ಕಟ್ಟಳೆ.

“ಉತ್ತರ ಇಲ್ದೆ ಹೋದ್ರೆ ಸಾಯೋನು ಒಬ್ನೇ ಹೋದಂಗಾಯ್ತದೆ ಕಣವ್ವ” ಎನ್ನುತ್ತಿದ್ದ.

ಸೌರಮ್ಮ ಜಪ ಶುರು ಮಾಡಿದ ಮೇಲೆ ಉಳಿದವರಿಲ್ಲ ಎಂಬ ಮಾತೂ ಊರಲ್ಲಿ ಹುಟ್ಟಿಕೊಂಡಿತ್ತು. ಊರಬಾಯಿಗೆ ಮುಚ್ಚಳ ಉಂಟೇ! ಮುದುಕಿಯರು ಅವಳನ್ನು ಕಂಡರೆ ಬರುತ್ತಿದ್ದ ಕೆಮ್ಮನ್ನೂ ನುಂಗಿಕೊಳ್ಳುತ್ತಿದ್ದರು. “ನಂಗೆ ಬರೀ ನೆಗಡಿ ಕಣೇ ತಾಯಿ, ನೀನು ಒಸಿ ಆಚೆಗೇ ಇರು” ಎಂದವರೂ ಉಂಟು. ಸೌರಮ್ಮ ನಗುತ್ತಿದ್ದಳು. ಹೋಗುವವರು ಹೋಗುತ್ತಾರೆ, ಜಪ ಅವರ ಕೈಹಿಡಿದು ದಾಟಿಸುತ್ತದೆ ಅಷ್ಟೆ ಎಂದು ಬುದ್ಧಿ ಹೇಳುತ್ತಿದ್ದಳು.

ಮರೆತುಹೋಗದಿರಲೆಂದು ಶುಕ್ರವಾರದ ಸಂಜೆಗಳಲ್ಲಿ ಅದನ್ನು ಮನೆಯಲ್ಲೇ ಗಟ್ಟಿಯಾಗಿ ಹೇಳಿಕೊಳ್ಳುವಳು. ಗಂಡ ಇನ್ನಾಸಪ್ಪ ಬೀಡಿ ಆರಿಸಿಟ್ಟು ಬಂದು ಉತ್ತರ ಕೊಡುವನು. ಗೋಡೆಯಾಚೆಯ ಬೈರಮ್ಮ ಕಬ್ಬಾಳಮ್ಮ ದೇವಿಯ ಒಕ್ಕಲಿನವಳು, ಬಾಯಿ ಸ್ವಲ್ಪ ಜೋರು. “ನಿಮ್ ಜಪ ಕೇಳಿ ಕೇಳಿ ನಂಗೂ ಬಾಯಿಗೆ ಬಂದ್ಬುಟ್ಟೈತೆ ಸೌರಕ್ಕ. ನಮ್ಮಮ್ಮ ಮುನಿಸ್ಕೊಂಡ್ರೆ ನೀನೇ ಸಮಾಧಾನ ಮಾಡ್ಬೇಕು ನೋಡು” ಎಂದು ಕಿಚಾಯಿಸುತ್ತಿದ್ದಳು.

ಹಾರೋಹಳ್ಳಿ ಕಡೆಯ ಹೊಲಗಳೆಲ್ಲ ಕಾರ್ಖಾನೆಗಳಾಗುತ್ತಿದ್ದ ವರ್ಷಗಳವು. ಇನ್ನಾಸಪ್ಪ ಗ್ರಾನೈಟ್ ಕೊಯ್ಯುವ ಒಂದು ಕಾರ್ಖಾನೆ ಸೇರಿದ. ಸಂಜೆ ವ್ಯಾನಿನಿಂದ ಇಳಿದಾಗ ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆ ಎಲ್ಲ ಬೆಳ್ಳಗೆ. “ಸ್ವಾಮೇರು ವರ್ಸಕ್ಕೊಂದ್ಸಲ ಹಣೆಗೆ ಬೂದಿ ಹಚ್ತಾರೆ, ಕಂಪ್ನಿಯೋರು ದಿನಾ ಹಚ್ತಾರೆ ಕಣೇ” ಎಂದು ನಗಿಸುತ್ತಿದ್ದ. ತಪಸ್ಸುಕಾಲದ ಮೊದಲ ದಿನ ಹಣೆಗೆ ಬೂದಿಯಿಟ್ಟು, ನೀನು ಮಣ್ಣು, ಮಣ್ಣಿಗೇ ಮರಳುತ್ತೀ ಎಂದು ಪಾದ್ರಿಗಳು ಹೇಳುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ನಕ್ಕಿದ್ದಳು.

ಏಳು ವರ್ಷಕ್ಕೆ ಅವನ ಉಸಿರು ಸೋತಿತು. ಬೆಂಗಳೂರಿನ ಡಾಕ್ಟರು ಎದೆಯ ಎಕ್ಸ್‌ರೇ ಫೋಟೋ ಎತ್ತಿ ತೋರಿಸಿ, ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತುಬಿಟ್ಟಿದೆ, ಮನೆಗೆ ಕರೆದುಕೊಂಡು ಹೋಗಿ ಎಂದರು. ಸೌರಮ್ಮ ಬಿಡಲಿಲ್ಲ. ಉಪವಾಸ ಹಿಡಿದಳು. ಚರ್ಚಿನ ಬಾಗಿಲಿಂದ ಪೀಠದವರೆಗೆ ಮಂಡಿಯಲ್ಲಿ ನಡೆದಳು. ದಿನಕ್ಕೆ ಮೂರು ಸಲ ಜಪಸರ ತಿರುಗಿಸಿದಳು. ಅವಳು ಕರೆದ ಪರಿಗೆ ದೇವರು ಎದ್ದುಬರಬೇಕಿತ್ತು. ಆದರೆ ಸಾಯುವವರ ಆ ಒಂದು ಜಪವನ್ನು ಮಾತ್ರ ಶುಕ್ರವಾರಗಳಂದೂ ಬಾಯಿಗೆ ತರಲಿಲ್ಲ.

“ಇವ್ಳೇ, ಆ ಜಪ ಹೇಳು” ಎಂದ ಇನ್ನಾಸಪ್ಪ.

“ಯಾವ್ದು?” ಗೊತ್ತಿದ್ದೂ ಕೇಳಿದಳು.

“ಊರೋರ್ಗೆಲ್ಲ ಹೇಳ್ದೆಯಲ್ಲ, ಅದು.”

“ಸುಮ್ಕಿರಿ. ನಿಮ್ಗೇನಾಗೈತೆ? ಮರಿಯಾ ಮಾತೆ ಹಬ್ಬಕ್ಕೆ ಎದ್ದು ಓಡಾಡ್ತೀರ.”

ಅವನು ಹನ್ನೊಂದು ದಿನ ಕೇಳಿದ. ಹನ್ನೊಂದು ದಿನವೂ ಅವಳು ಮಾತು ಮರೆಸಿದಳು. ಭಾನುವಾರ ಪಾದ್ರಿಗಳು ಬಂದು ಸಾಯುವವರಿಗೆ ಹಚ್ಚುವ ಪವಿತ್ರ ಎಣ್ಣೆ ಹಚ್ಚಿ, “ಕೊನೆ ಜಪಕ್ಕೆ ನೀನೇ ಇದ್ದೀಯಲ್ಲಮ್ಮ” ಎಂದು ಹೋದರು. ಅವಳು ತಲೆಯಾಡಿಸಿದಳು. ಊರವರು ಹೇಳಿದಾಗ ನಕ್ಕಿದ್ದ ಮಾತೇ ಈಗ ಅವಳ ಎದೆಯಲ್ಲಿ ಬೇರು ಬಿಟ್ಟಿತ್ತು. ತಾನು ಶುರು ಮಾಡಿದರೆ ಅವನು ಹೊರಟುಬಿಡುತ್ತಾನೆ, ಶುರು ಮಾಡದಿದ್ದರೆ ಉಳಿಯುತ್ತಾನೆ.

ಹನ್ನೆರಡನೆಯ ದಿನ, ಬೆಳಗ್ಗೆ ಹತ್ತರ ಹೊತ್ತು. ಅವನು ಕೇಳಲಿಲ್ಲ. ಗೋಡೆಗೆ ಒರಗಿ ಕೂತವನು ತಾನೇ ಎತ್ತಿಕೊಂಡ.

“ಸಂತ ಮರಿಯಮ್ಮನವರೇ...”

ಅಷ್ಟು ಹೇಳಿ ನಿಲ್ಲಿಸಿ ಅವಳ ಮುಖ ನೋಡಿದ. ಇಷ್ಟು ವರ್ಷ ಅವಳು ಕರೆದಾಗಲೆಲ್ಲ ಉತ್ತರ ಕೊಟ್ಟವನು, ಈಗ ಉತ್ತರಕ್ಕೆ ಕಾದ. ಸೌರಮ್ಮ ತುಟಿ ಕಚ್ಚಿ ಹಿಡಿದಳು. ಅವನ ಎದೆಗೂಡು ಏರಿತು, ಇಳಿಯಿತು, ಮತ್ತೆ ಏರಲು ತಿಣುಕಿತು. ಮಾವನ ಕಟ್ಟಳೆ ಮರೆಯದ ಪುಣ್ಯಾತ್ಮ ಮುಂದಿನ ಹೆಸರಿಗೆ ಹೋಗಲಿಲ್ಲ. ಉಳಿದಿದ್ದ ಚೂರು ಉಸಿರನ್ನು ಕಾಯುವುದಕ್ಕೇ ಕಳೆಯುತ್ತಿದ್ದ. ಅದು ಗೊತ್ತಿದ್ದೂ ಅವಳು ಬಾಯಿ ಬಿಡಲಿಲ್ಲ.

“ಇವರಿಗಾಗಿ ಪ್ರಾರ್ಥಿಸಿರಿ.”

ಬಾಗಿಲಲ್ಲಿ ಬೈರಮ್ಮ ನಿಂತಿದ್ದಳು. ರಾಗಿ ಗಂಜಿ ತಂದವಳು, ಪಾತ್ರೆ ಇನ್ನೂ ಕೈಯಲ್ಲೇ ಇತ್ತು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

ಇನ್ನಾಸಪ್ಪ ಅತ್ತ ತಿರುಗಲಿಲ್ಲ. ಹೆಂಡತಿಯನ್ನೇ ನೋಡುತ್ತ ಮುಂದಿನ ಹೆಸರು ಎತ್ತಿದ. “ಸಂತ ಜೋಸೆಫರೇ...”

“ಇವರಿಗಾಗಿ ಪ್ರಾರ್ಥಿಸಿರಿ” ಎಂದಳು ಸೌರಮ್ಮ. ಅವನ ಮುಖ ಸಡಿಲವಾಯಿತು. ಮೂರನೆಯ ಹೆಸರಿಗೆ ತುಟಿ ಅಲುಗಿತೇ ಹೊರತು ಸದ್ದು ಬರಲಿಲ್ಲ. ಆಗ ಅವಳು ಅವನ ಕೈ ಹಿಡಿದುಕೊಂಡು ಹೆಸರುಗಳನ್ನು ತಾನೇ ಕರೆಯತೊಡಗಿದಳು. ಬೈರಮ್ಮ ಗಂಜಿ ಕೆಳಗಿಟ್ಟು ಪಕ್ಕದಲ್ಲಿ ಕೂತು ಒಂದೂ ಬಿಡದೆ ಉತ್ತರ ಕೊಟ್ಟಳು. ಹೆಸರುಗಳು ಮುಗಿದಾಗ ಅವನು ಇರಲಿಲ್ಲ. ಯಾವ ಹೆಸರಿಗೆ ಹೊರಟನೋ ಇಬ್ಬರಿಗೂ ತಿಳಿಯಲಿಲ್ಲ.

ಇನ್ನಾಸಪ್ಪನದು ಒಳ್ಳೆಯ ಮರಣ ಎಂದು ಊರು ಇವತ್ತಿಗೂ ಹೇಳುತ್ತದೆ. ಸೌರಮ್ಮ ಹೌದು ಎನ್ನುತ್ತಾಳೆ. ಕರೆದವರ ಮನೆಗೆ ಈಗಲೂ ಹೋಗುತ್ತಾಳೆ. ಆದರೆ ಮೊದಲ ಹೆಸರು ಕರೆದವಳು, ಸುತ್ತ ಕೂತವರು ಬಾಯಿ ತೆರೆಯುವ ಮುಂಚೆಯೇ, ಉತ್ತರವನ್ನೂ ತಾನೇ ಅವಸರವಾಗಿ ಹೇಳಿಬಿಡುತ್ತಾಳೆ. ಉಪದೇಶಿಯ ಮಗಳಿಗೆ ವಯಸ್ಸಾಯಿತು, ಕ್ರಮ ತಪ್ಪುತ್ತಿದ್ದಾಳೆ ಎಂದು ಜನ ಅಂದುಕೊಳ್ಳುತ್ತಾರೆ. ಯಾಕೆಂದು ಬೈರಮ್ಮನಿಗೆ ಗೊತ್ತು, ಆ ಜೋರುಬಾಯಿಯವಳು ಯಾರಿಗೂ ಹೇಳಿಲ್ಲ.