ಖಾಲಿ ಹೊಟ್ಟೆಯ ಗುಳಿಗೆ

ನಮ್ಮಪ್ಪ ಕುರಿಗಳ ಡಾಕ್ಟ್ರು. ಓದಿ ಆದ ಡಾಕ್ಟ್ರಲ್ಲ. ಆದರೆ ಧರ್ಮಪುರದ ಹತ್ತಿರ ನಮ್ಮ ಹಟ್ಟಿಯಲ್ಲಿ ಯಾರ ಕುರಿ ಕೆಮ್ಮಿದರೂ, ಯಾರ ಮರಿ ಹೊಟ್ಟೆ ಉಬ್ಬಿಸಿಕೊಂಡು ಬಿದ್ದರೂ ಮೊದಲು ಅಪ್ಪನಿಗೇ ಹೇಳಿಕಳಿಸುತ್ತಿದ್ದರು. ಅವನು ಬೇರು, ಸೊಪ್ಪು, ಮೆಣಸು ಅಂತ ಏನೇನೋ ಅರೆದು, ಬಿದಿರಿನ ಗೊಟ್ಟಕ್ಕೆ ತುಂಬಿ ಕುರಿಯ ಬಾಯಿಗೆ ಹುಯ್ಯುತ್ತಿದ್ದ. ಅದಕ್ಕೆ ಒಂದು ಹೊತ್ತಿತ್ತು. ಬೆಳಕು ಹರಿಯೋ ಮುಂಚೆ, ಕುರಿಗಳು ಇನ್ನೂ ರೊಪ್ಪದಲ್ಲಿರುವಾಗ, ಒಂದು ಎಸಳು ಹುಲ್ಲೂ ಬಾಯಿಗೆ ಬೀಳದೆ ಇರುವಾಗ ಕುಡಿಸಬೇಕು. "ಹೊಟ್ಟೆಯಾಗೆ ಮೇವಿದ್ರೆ ಔಷಧಿನ ಮೇವೇ ನುಂಗಿಬಿಡ್ತೈತೆ. ಕುರಿಗೇನು ಸಿಗ್ತೈತೆ, ಮಣ್ಣು?" ಅನ್ನೋನು. ಕುಡಿಸಿದ ಮೇಲೂ ಚೆನ್ನಾಗಿ ಬಿಸಿಲೇರೋ ತನಕ ಮೇಯೋಕೆ ಬಿಡುತ್ತಿರಲಿಲ್ಲ. ಕುರಿಗಳು ಬದುಕ್ಕೊಳ್ಳುತ್ತಿದ್ದವು, ಸುಳ್ಳು ಯಾಕೆ ಹೇಳಲಿ.

ಎಪ್ಪತ್ತರ ದಶಕದ ಮಾತು ಇದು. ಕಡಲೆಕಾಯಿ ಕಿತ್ತು ಮುಗಿದ ಮೇಲೆ ಪ್ರತಿ ವರ್ಷ ನಮ್ಮ ಕುರಿ ಪಡುವಣಕ್ಕೆ ಹೊರಡುತ್ತಿದ್ದವು. ಹಿರಿಯೂರು ದಾಟಿ, ಹೊಸದುರ್ಗದ ತೆಂಗಿನ ತೋಟಗಳಲ್ಲಿ ತಂಗಿ, ಕೊನೆಗೆ ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಿಗೆ. ಗೊಬ್ಬರ ಬೇಕು ಅಂತ ತೋಟದವರೇ ಕರೆದು ಮಂದೆ ನಿಲ್ಲಿಸಿಕೊಳ್ಳೋರು, ರಾಗಿ ಅಳೆದು ಕೊಡೋರು. ನನ್ನನ್ನು ಕೊಟ್ಟಿದ್ದು ಹೊಳಲ್ಕೆರೆಗೆ. ನಮ್ಮನೆಯವರು ಅಡಿಕೆ ಮಂಡಿಯಲ್ಲಿ ಕೆಲಸಕ್ಕಿದ್ದರು. ಮಂದೆ ನಮ್ಮ ಕಡೆ ಬಂತು ಅಂದರೆ ಒಂದು ದಿನ ಅಪ್ಪ ಹಿತ್ತಿಲ ಬಾಗಿಲಿಗೆ ಬರೋನು. ಕಂಬಳಿ ಹೆಗಲಿನಿಂದ ಇಳಿಸದೆ ಜಗಲಿಯ ತುದಿಗೆ ಕೂತು, ಒಂದು ಚೊಂಬು ಮಜ್ಜಿಗೆ ಕುಡಿದು, ಕುರಿ ಕಾಯ್ತಾವೆ ಅಂತ ಎದ್ದುಬಿಡೋನು. ಒಂದು ರಾತ್ರಿ ಇರಪ್ಪ ಅಂದರೆ ಕೇಳಿದ್ದೇ ಇಲ್ಲ.

ಆ ವರ್ಷ ಅಪ್ಪನ ಕಾಲಿನ ಮಂಡಿಗಳು ಊದಿಕೊಂಡಿದ್ದವಂತೆ. ಕೂತರೆ ಏಳೋಕಾಗದು, ಎದ್ದರೆ ಕೂರೋಕಾಗದು. ನಮ್ಮಣ್ಣ, "ಈ ಸಲ ನೀನು ಮನೇಲಿರು, ಕುರಿ ನಾನು ಹೊಡ್ಕಂಡು ಹೋಗ್ತೀನಿ" ಅಂದಿದ್ದಕ್ಕೆ ಅಪ್ಪ ಹಾರಾಡಿಬಿಟ್ಟನಂತೆ. ಅವ್ವನನ್ನು ಜೊತೆಗೆ ಕರಕೊಂಡು ಹಿರಿಯೂರಿನ ಡಾಕ್ಟ್ರ ಹತ್ತಿರ ಹೋದ. ಅವರು ಮಂಡಿ ಒತ್ತಿ ನೋಡಿ, ಊತಕ್ಕೂ ನೋವಿಗೂ ಅಂತ ಒಂದು ಗುಳಿಗೆ ಕೊಟ್ಟರು. ಹೊಟ್ಟೆ ತುಂಬ ಉಂಡ ಮೇಲೇ ನುಂಗಬೇಕು, ಹೇಳಿದ್ದಕ್ಕಿಂತ ಒಂದೂ ಜಾಸ್ತಿ ಬೇಡ, ಹೊಟ್ಟೆ ಉರಿದರೆ ನಿಲ್ಲಿಸಿ ಬಂದು ತೋರಿಸಿ ಅಂತ ಬಿಡಿಸಿ ಬಿಡಿಸಿ ಹೇಳಿದರಂತೆ. ಅವ್ವ ಇದನ್ನೆಲ್ಲ ಆಮೇಲೆ ನನಗೆ ಒಪ್ಪಿಸಿದಳು, ಒಂದಕ್ಷರ ಬಿಡದೆ.

ಅಪ್ಪ ತಲೆಯೇನೋ ಅಲ್ಲಾಡಿಸಿದ. ಆದರೆ ಇಡೀ ಹಟ್ಟಿಗೆ ಔಷಧಿ ಕುಡಿಸಿದ ಮನುಷ್ಯ, ತನ್ನ ವಿದ್ಯೆ ಬಿಡ್ತಾನಾ? ಪೇಟೆ ಜನಕ್ಕೆ ಕಹಿ ತಡೆಯಲ್ಲ, ಅದಕ್ಕೆ ಊಟ ಆದ್ಮೇಲೆ ಅಂತಾರೆ ಅಂತ ತಾನೇ ಅರ್ಥ ಮಾಡಿಕೊಂಡ. ಬೆಳಕು ಹರಿಯೋ ಮುಂಚೆ, ಕುರಿ ಎಬ್ಬಿಸೋಕೆ ಮೊದಲು, ಬರೀ ನೀರಲ್ಲಿ ಗುಳಿಗೆ ನುಂಗೋನು. ಕುರಿಗಳು ನೆರಳಿಗೆ ಮಲಗೋ ಮಧ್ಯಾಹ್ನದ ತನಕ ಬಾಯಿಗೆ ಬೇರೇನೂ ಹಾಕುತ್ತಿರಲಿಲ್ಲ. ಗುಳಿಗೆ ಕೆಲಸ ಮಾಡಿತು, ಅದೇ ಬಂದ ಗ್ರಹಚಾರ. ನೋವು ಮಾಯವಾಗಿ ಅಪ್ಪ ಹುಡುಗನ ಹಾಗೆ ನಡೆದನಂತೆ. ದೂರ ನಡೆದ ದಿನ ಸಂಜೆಗೆ ಮತ್ತೆ ಮಂಡಿ ಹಿಡಿದರೆ ಇನ್ನೊಂದು ನುಂಗೋನು. ಅದೂ ಸಾಲದು ಅಂತ ದಾರಿಯ ಬೀಡಿ ಅಂಗಡಿಯಲ್ಲಿ ತಲೆನೋವಿನ ಮಾತ್ರೆ ಬೇರೆ ತಗೊಳ್ಳೋನು.

ನಮ್ಮ ಹಿತ್ತಿಲಿಗೆ ಬಂದಾಗ ಅವನ ಮುಖ ನೋಡೋ ಹಾಗಿರಲಿಲ್ಲ. ಬೂದಿ ಬಳಿದ ಹಾಗಿತ್ತು. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು.

"ಏನಪ್ಪಾ ಹಿಂಗಾಗಿದೀಯ?"

"ಬಿಸಿಲು ಕಣವ್ವ. ಮಜ್ಜಿಗೆ ಕೊಡು."

ನಾನು ಮಜ್ಜಿಗೆ ತರಲಿಲ್ಲ. ಕುರಿಯ ಮೈಯಲ್ಲಿ ರಕ್ತ ಐತೋ ಇಲ್ಲವೋ ನೋಡೋಕೆ ಅದರ ಕೆಳಗಿನ ರೆಪ್ಪೆ ಎಳೆದು ನೋಡಬೇಕು ಅಂತ ಚಿಕ್ಕಂದಿನಲ್ಲಿ ನನಗೆ ಕಲಿಸಿದವನು ಇವನೇ. ಕೆಂಪಗಿದ್ದರೆ ಸರಿ, ಬೆಳ್ಳಗಿದ್ದರೆ ಕುರಿ ಹೋಯ್ತು ಅಂತಲೇ ಲೆಕ್ಕ. ಅವನ ಗಡ್ಡ ಹಿಡಿದು ರೆಪ್ಪೆ ಎಳೆದೇಬಿಟ್ಟೆ. ಒಳಗೆ ಸುಣ್ಣದ ಗೋಡೆ.

ಕೈ ಕೊಡವಿದ. "ಲೇ, ನಾನೇನು ಕುರಿಯೇನೇ?"

"ಕುರಿಯಾಗಿದ್ರೆ ಇಷ್ಟೊತ್ತಿಗೆ ನೀನೇ ನೋಡಿರ್ತಿದ್ದೆ! ಹೇಳು, ಹೊರಕಡೆ ಹೆಂಗೆ ಹೋಗ್ತೈತೆ?"

ಅಪ್ಪ ಮುಖ ಆ ಕಡೆ ಮಾಡಿದ. "ಕರ್ರಗೆ. ಟಾರಿನಂಗೆ."

"ಯಾವಾಗಿಂದ?"

"ಹೊಸದುರ್ಗ ಬಿಟ್ಟಾಗಿಂದ."

ದಿನಾ ಬೆಳಗ್ಗೆ ಎದ್ದು ಒಂದೊಂದು ಕುರಿಯ ಹಿಕ್ಕೆ ನೋಡಿ, ಇದಕ್ಕೆ ಹುಷಾರಿಲ್ಲ, ಅದಕ್ಕೆ ಜಂತು ಅಂತ ಹೇಳೋ ಮನುಷ್ಯ! ನನಗೆ ಎಲ್ಲಿತ್ತೋ ಸಿಟ್ಟು, ಬೀದಿಗೆಲ್ಲ ಕೇಳೋ ಹಾಗೆ ಕೂಗಾಡಿದೆ. ಅತ್ತೆ ಒಲೆ ಬಿಟ್ಟು ಓಡಿಬಂದರು. ನಮ್ಮನೆಯವರು ಮಂಡಿಯಿಂದ ದುರ್ಗಕ್ಕೆ ಹೊರಟಿದ್ದ ಅಡಿಕೆ ಲಾರಿಯನ್ನೇ ನಿಲ್ಲಿಸಿ, ಅಪ್ಪನನ್ನು ಮುಂದಿನ ಸೀಟಿಗೆ ಹತ್ತಿಸಿದರು. ಜೊತೆಗೆ ಬಂದವರು ಮಂದೆ ನೋಡಿಕೊಳ್ಳುತ್ತಿದ್ದರೂ ದಾರಿಯುದ್ದಕ್ಕೂ ಅವನು ಕುರಿ, ಕುರಿ ಅಂತಿದ್ದ. ನಾನು ಅವನ ಕೈ ಬಿಡಲಿಲ್ಲ. ಕೈ ತಣ್ಣಗಿತ್ತು, ನನಗೆ ತುಂಬ ಹೆದರಿಕೆಯಾಗಿತ್ತು.

ದುರ್ಗದ ದೊಡ್ಡಾಸ್ಪತ್ರೆಯಲ್ಲಿ ರಕ್ತ ಕೊಡಬೇಕು ಅಂದರು. ನಮ್ಮನೆಯವರ ರಕ್ತ ಹೊಂದಿತು. ಅವರು ತಕ್ಷಣ ತೋಳು ಚಾಚಿ ಮಲಗಿದರು. ಅಳಿಯನೆದುರು ಕಾಲು ನೀಡಿ ಕೂರೋಕೂ ನಾಚುತ್ತಿದ್ದ ಅಪ್ಪ, ಕಣ್ಣು ಮುಚ್ಚಿಕೊಂಡು ಗೋಡೆ ಕಡೆ ತಿರುಗಿದ್ದ.

ಸ್ವಲ್ಪ ಜೀವ ಬಂದ ಮೇಲೆ ಅಲ್ಲಿನ ಡಾಕ್ಟ್ರು ಗುಳಿಗೆ ಹೆಂಗೆ ತಗೊಂಡ್ರಿ ಅಂತ ಕೇಳಿದರು. ಅಪ್ಪ ಮಲಗಿದ್ದಲ್ಲೇ ತನ್ನ ಕುರಿ ಶಾಸ್ತ್ರ ಪೂರಾ ಹೇಳಿದ. ಡಾಕ್ಟ್ರು ನಗಲಿಲ್ಲ.

"ಯಜಮಾನ್ರೇ, ಕುರಿ ರಾತ್ರಿಯೆಲ್ಲ ಏನು ಮಾಡ್ತಿರುತ್ತೆ?"

"ಮೆಲುಕು ಹಾಕ್ತಿರ್ತೈತೆ."

"ಏನನ್ನ? ಹೊಟ್ಟೆಯಲ್ಲಿ ಮೇವಿರೋದಕ್ಕೇ ಅಲ್ವಾ ಮೆಲುಕು? ಕುರಿ ಹೊಟ್ಟೆ ಬೆಳಗಿನ ಜಾವಕ್ಕೂ ಖಾಲಿ ಆಗಿರಲ್ಲ. ಖಾಲಿ ಆಗಿರೋದು ನಿಮ್ದು."

ಅಪ್ಪನಿಗೆ ಇದು ಗೊತ್ತಿಲ್ಲದ್ದೇನಲ್ಲ. ಜೀವಮಾನವೆಲ್ಲ ಆ ಮೆಲುಕಿನ ಸದ್ದು ಕೇಳಿಕೊಂಡೇ ನಿದ್ದೆ ಮಾಡಿದವನು. ಡಾಕ್ಟ್ರು ಮಂಚದ ತುದಿಗೆ ಕೂತು ನಮ್ಮಿಬ್ಬರಿಗೂ ಹೇಳಿದರು. ಈ ಗುಳಿಗೆ ಕೀಲಿನ ಊತ ಇಳಿಸುತ್ತೆ, ಆದರೆ ಹೊಟ್ಟೆಯ ಒಳಪದರಕ್ಕಿರೋ ಕಾವಲನ್ನೂ ತೆಗೆದುಬಿಡುತ್ತೆ. ಅದಕ್ಕೇ ಊಟ ಮಾಡಿಯೇ ತಗೋಬೇಕು, ಎಷ್ಟು ಕಡಿಮೆಗೆ ನೋವು ತಡೆಯುತ್ತೋ ಅಷ್ಟೇ ತಗೋಬೇಕು, ಎಷ್ಟು ಬೇಗ ಬಿಡೋಕಾಗುತ್ತೋ ಅಷ್ಟು ಬೇಗ ಬಿಡಬೇಕು. ಅಂಗಡಿಯ ತಲೆನೋವಿನ ಮಾತ್ರೆಯೂ ಬಹಳ ಸಲ ಇದೇ ಕುಲದ್ದು, ಎರಡನ್ನೂ ಒಟ್ಟಿಗೆ ನುಂಗಲೇಬಾರದು. ಉಂಡು ತಗೊಂಡರೂ ಕೆಲವರಿಗೆ ಹುಣ್ಣಾಗುತ್ತೆ. ಮಲ ಕಪ್ಪಗೆ ಹೋಯ್ತು ಅಂದರೆ ಒಳಗೆ ರಕ್ತ ಸೋರ್ತಿದೆ ಅಂತ, ಅವತ್ತೇ ಓಡಿ ಬರಬೇಕು. ನಾನು ಹೂಂ ಹೂಂ ಅಂತ ಮನಸ್ಸಿಗೆ ಹಾಕಿಕೊಂಡೆ. ಅಪ್ಪ ಸೂರು ನೋಡುತ್ತಿದ್ದ.

ಮನೆಗೆ ಕಳಿಸೋ ದಿನ ಅಪ್ಪ ಡಾಕ್ಟ್ರಿಗೆ ಕೈ ಮುಗಿದ. "ವರ್ಷಕ್ಕೊಂದ್ಸಲ, ದಾರಿ ನಡೆಯೋ ದಿನಕ್ಕೆ ಮಾತ್ರ ಅದೇ ಗುಳಿಗೆ ಕೊಡ್ರಿ. ಈ ಸಲ ಮುದ್ದೆ ಉಂಡೇ ನುಂಗ್ತೀನಿ."

"ಆಗಲ್ಲ. ಇನ್ನೊಂದು ಸಲ ಹಿಂಗಾದ್ರೆ ನೀವು ಉಳಿಯೋದು ಕಷ್ಟ. ಹೊಟ್ಟೆಗೆ ಇಷ್ಟು ತೊಂದರೆ ಕೊಡದ ಬೇರೆ ಮಾತ್ರೆ ಬರ್ಕೊಡ್ತೀನಿ. ನೋವು ಒಂಚೂರು ತಗ್ಗುತ್ತೆ, ಪೂರಾ ಹೋಗಲ್ಲ. ಅಷ್ಟು ದೂರ ನಡೆಯೋ ಆಸೆ ಬಿಡ್ರಿ."

ಆಸ್ಪತ್ರೆ ಜಗಲಿಗೆ ಬಂದು ಕೂತ ಮೇಲೆ ಅಪ್ಪ ಮತ್ತೆ ಅದೇ ರಾಗ ಎಳೆದ. ಹಿರಿಯೂರಿನಲ್ಲಿ ಕೇಳಿದ್ರೆ ಕೊಟ್ಟಾರು ಅಂದ. ನನಗೆ ತಡೆಯಲಾಗಲಿಲ್ಲ.

"ನಿನಗೇನು ತಲೆ ಕೆಟ್ಟೈತಾ? ಅಣ್ಣ ಇಲ್ವಾ ಕುರಿ ಹೊಡೆಯೋಕೆ? ಸಾಯ್ತೀಯ ಅಂತ ಹೇಳಿದ್ರೂ ಬುದ್ಧಿ ಬರಲ್ವಲ್ಲ! ಆ ಕುರಿ ಹಿಂದೆ ನೀನೇ ಹೊಳಲ್ಕೆರೆಗೆ ಯಾಕೆ ಬರ್ಬೇಕು, ಹೇಳು?"

ಅಪ್ಪ ನೆಲ ನೋಡುತ್ತಾ ಹೇಳಿದ. "ಕುರಿ ಹೊಡ್ಕಂಡು ಬಂದ್ರೆ ಮಂದೆ ನಿಲ್ಸೋಕೆ ಬಂದೆ, ಹಂಗೇ ಮಗಳ ಮುಖ ನೋಡ್ಕಂಡು ಹೋಗಾಣ ಅಂತ ಬಂದೆ ಅಂತೀನಿ. ಸುಮ್ ಸುಮ್ನೆ ಬಂದು ಬೀಗರ ಬಾಗ್ಲಾಗೆ ನಿಂತ್ಕಂಡ್ರೆ, ಯಾಕೆ ಬಂದ್ರಿ ಅಂತ ನಿಮ್ಮತ್ತೆ ಕೇಳಿದ್ರೆ ಏನು ಹೇಳ್ಲಿ? ನನಗಿರೋದು ಅದೊಂದೇ ನೆಪ ಕಣವ್ವ."

ಊದಿದ ಮಂಡಿ ಎಳೆದುಕೊಂಡು, ಗುಳಿಗೆ ಮೇಲೆ ಗುಳಿಗೆ ನುಂಗಿ, ಅಷ್ಟು ದೂರ ನಡೆದಿದ್ದು ಒಂದು ಚೊಂಬು ಮಜ್ಜಿಗೆಗೆ. ನನಗೆ ಅಳು ಉಕ್ಕಿ ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದೆ: "ಬಸ್ಸು ಹತ್ಕಂಡು ಬಾ. ಮಗಳನ್ನ ನೋಡೋಕೆ ಬಂದೆ ಅನ್ನು."

ಅಪ್ಪ ತಲೆ ಎತ್ತಿ ನನ್ನನ್ನೇ ನೋಡಿದ.

"ಹಂಗನ್ನಬೋದಾ?" ಅಂದ, ನಿಜವಾಗಲೂ ಗೊತ್ತಿಲ್ಲದವನ ಹಾಗೆ.