ಮಲ್ಲಪ್ಪನ ಚೀಟಿಗೆ ಎರಡು ದಾರ

ನಾ ಕಸ ಹೊಡಿಯೋ ತಿಕೋಟಾದ ದವಾಖಾನಿಗೆ ವಿಜಯಪುರದಿಂದ ಒಬ್ಬಾಕಿ ಕಾಲೇಜ್ ಹುಡುಗಿ ಬಂದಿದ್ದಳು. ಮಕ್ಕಳಿಗೆ ಲಸಿಕಿ ಯಾವಾಗ ಅಂತ ಮನಿಮನಿಗೆ ತಿಳಿಸೋ ಕಂಪ್ಯೂಟರ್ ಮಾಡೋರಿದ್ದರಂತ, ಅದಕ್ಕ ಮೊದಲು ಯಾವ ಕೂಸು ಯಾರ ಮನ್ಯಾಗ ಅಂತ ತೋರಸೋ ನಕಾಶಿ ಬೇಕಂತ. ನಕಾಶಿ ಎರಡು ನಮೂನಿ ತಂದಿದ್ದಳು. ಯಾವುದರಾಗ ನಮ್ಮಂಥೋರಿಗೆ ತಪ್ಪು ಲಗೂ ಕಾಣತೈತಿ ಅನ್ನೋದೇ ಆಕಿ ಪರೀಕ್ಷಾ.

ಮೊದಲನೇದು ಹಾಳಿ ತುಂಬ ಚೌಕ, ಗೀಟು. ನೋಡಾಕ ಕರೆಸಿದ್ದ ಓಣಿ ಮಂದಿಯೆಲ್ಲ “ಬರೋಬ್ಬರಿ ಐತ್ರಿ” ಅಂದರು. ನಾನೂ ಗೋಣ ಹಾಕಿದೆ, ಒಂದಕ್ಷರ ತಿಳಿದಿದ್ದಿಲ್ಲ.

ಎರಡನೇದರಾಗ ಚೀಟಿ, ದಾರ. ಅಪ್ಪನ ಹೆಸರು ಬರೆದ ಚೀಟಿಯಿಂದ ಮನಿ ಚೀಟಿಗೆ ದಾರ ಕಟ್ಟಬೇಕು. ನಮ್ಮ ಓಣಿ ಮಲ್ಲಪ್ಪ ತನ್ನ ದಾರ ಕಟ್ಟಿ ಮೀಸಿ ತಿರುವಿದ. ನನ್ನ ಕೈ ಸುಮ್ಮನಿರಬೇಕಲ್ಲ? ಅವನ ಚೀಟಿಗೆ ಇನ್ನೊಂದು ದಾರ ಕಟ್ಟಿದೆ.

“ಆಯಿ, ಒಬ್ಬರಿಗೆ ಒಂದ ಮನಿ ರೀ,” ಅಂದಳು ಹುಡುಗಿ.

“ಅದ ನಿನ್ನ ನಕಾಶಿ ತಪ್ಪು, ಯವ್ವಾ. ಇವಂದು ಕನಮಡಿ ಊರಾಗ ಇನ್ನೊಂದು ಮನಿ ಐತಿ. ಅಲ್ಲೆ ಎರಡು ಕೂಸು. ನಿನ್ನ ಕಂಪ್ಯೂಟರ್ ಅವಕ್ಕ ಸೂಜಿ ಯಾವಾಗ ಅಂತ ಯಾರಿಗೆ ಹೇಳತೈತಿ?”

“ಬಾಯಿ ಮುಚ್ಚ ಬೇ ಮುದುಕಿ!” ಅಂತ ಮಲ್ಲಪ್ಪ ಎದ್ದ.

“ನಾ ಮುಚ್ಚತೇನಿ. ಕೂಸುಗಳ ಹೆಸರು ನೀನ ಹೇಳು.”

ಅವನು ತಲಿ ಬಗ್ಗಿಸಿ ಎರಡೂ ಹೆಸರು ಹೇಳಿದ. ಹುಡುಗಿ ಎರಡನೇ ಮನಿಗೂ ಜಾಗಾ ಮಾಡಿ, ದಾರದ ನಮೂನಿನೇ ಚಲೋ ಅಂತ ಬರಕೊಂಡಳು. ತಪ್ಪು ಹುಡುಕಿದವರು ಅನ್ನೋ ಕಡೆ ನನ್ನ ಹೆಸರು ಹಾಕಿದಳು. ಆಕಿ ಸಾಲ್ಯಾಗ ಇದಕ್ಕ ವಿದ್ಯಾ ಅಂತಾರಂತ. ನಮ್ಮ ಓಣ್ಯಾಗ ಇಷ್ಟು ವರ್ಷ ಚಾಡಿ ಅಂತಿದ್ದರು.